ಅರವತ್ತಮೂರನೆಯ ಸಾಲು

ವೈದ್ಯರು ಯಾರೂ ನಮ್ಮ ಪಟ್ಟಿಯನ್ನು ಕೊನೆಯವರೆಗೆ ಓದುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೇಳುತ್ತಾ ಹೇಳುತ್ತಾ ನನಗೆ ನಾನೇ ವಕೀಲನಾಗಿಬಿಡುತ್ತೇನೆ.

ಸೋಂಕು ಹಬ್ಬಿದ ವರ್ಷ ನಮ್ಮ ಆಸ್ಪತ್ರೆಯ ಗ್ರಂಥಾಲಯಕ್ಕೆ ಪುಸ್ತಕ ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ. ನಾವು ನಾಲ್ವರು ಬೆಳಿಗ್ಗೆ ಐದೂವರೆಗೇ ಕಂಪ್ಯೂಟರ್ ಮುಂದೆ ಕೂತು, ಹಿಂದಿನ ದಿನ ಜರ್ನಲ್‌ಗಳಲ್ಲಿ ಬಂದ ಸೋಂಕಿನ ಲೇಖನಗಳನ್ನೆಲ್ಲ ಹೆಕ್ಕುತ್ತಿದ್ದೆವು. ಒಂದೇ ಲೇಖನ ಮೂರು ಕಡೆ ಸಿಕ್ಕರೆ ಎರಡನ್ನು ಕಿತ್ತುಹಾಕಿ, ತಜ್ಞರು ಪರಿಶೀಲಿಸಿದ್ದಕ್ಕೆ ಹಸಿರು, ಪರಿಶೀಲಿಸದ್ದಕ್ಕೆ ಹಳದಿ ಗುರುತು ಹಾಕಿ, ಎಂಟಕ್ಕೆ ಎಲ್ಲ ವಾರ್ಡ್‌ಗಳಿಗೂ ಕಳಿಸುತ್ತಿದ್ದೆವು. ಜರ್ನಲ್ಲೇ ವಾಪಸ್ ತೆಗೆದುಕೊಂಡ ಲೇಖನವಿದ್ದರೆ ಅದು ಕೆಂಪು ಅಕ್ಷರದಲ್ಲಿ ಎಲ್ಲಕ್ಕಿಂತ ಮೇಲೆ ಬರಬೇಕು. ಆ ನಿಯಮ ಮಾಡಿದವನು ನಾನೇ.

ನಿಯಮ ನನ್ನದು, ಬುದ್ಧಿ ಮಾತ್ರ ನನ್ನ ಸೋದರಮಾವನದು. ಮಾವ ಇದೇ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಬೈಂಡರ್ ಆಗಿದ್ದವರು. ನನ್ನನ್ನು ಇಲ್ಲಿಗೆ ಸೇರಿಸಿದವರೂ ಅವರೇ. ಪ್ರಕಾಶಕರು ತಪ್ಪು-ಒಪ್ಪುಗಳ ಚೀಟಿಯನ್ನು ಪುಸ್ತಕದ ಕೊನೆಗೆ ಅಂಟಿಸಿ ಕಳಿಸಿದರೆ, ಮಾವ ಹಬೆ ಹಿಡಿದು ಅದನ್ನು ಬಿಡಿಸಿ ಮೊದಲ ಪುಟಕ್ಕೆ ಅಂಟಿಸುತ್ತಿದ್ದರು.

"ಕೊನೆ ಪುಟಾನ ಬರೆದೋನೂ ಓದಲ್ಲ ಕಣೋ," ಎನ್ನುತ್ತಿದ್ದರು.

ಒಂದು ಶುಕ್ರವಾರ, ಯಾವುದೋ ಹಳೆಯ ಮಾತ್ರೆ ಸೋಂಕನ್ನು ಮೂರೇ ದಿನದಲ್ಲಿ ಇಳಿಸುತ್ತದೆ ಎಂಬ ಲೇಖನ ನನ್ನ ಕಣ್ಣಿಗೆ ಬಿತ್ತು. ಮೊದಲ ಸಾಲಿಗೆ ಹಾಕಿದೆ. ಮಧ್ಯಾಹ್ನದ ಸಭೆಯಲ್ಲಿ ಆಸ್ಪತ್ರೆಯ ಮುಖ್ಯಸ್ಥರು, "ಇಂಥದ್ದನ್ನ ಹುಡುಕೋಕೂ ಕಣ್ಣು ಬೇಕು," ಎಂದು ಎಲ್ಲರೆದುರು ನನ್ನತ್ತ ಕೈ ತೋರಿಸಿದರು. ನನ್ನ ಹದಿನೆಂಟು ವರ್ಷದ ನೌಕರಿಯಲ್ಲಿ ಗ್ರಂಥಾಲಯದ ಕಡೆ ಯಾರಾದರೂ ಕೈ ತೋರಿಸಿದ್ದರೆ ಅದು ಶೌಚಾಲಯದ ದಾರಿ ಹೇಳುವುದಕ್ಕೆ. ಉಬ್ಬಿಹೋದೆ. ಸಂಜೆ ಮಾವನಿಗೂ ಫೋನ್ ಮಾಡಿ ಹೇಳಿಕೊಂಡೆ.

ಮಂಗಳವಾರ ಜರ್ನಲ್ ಆ ಲೇಖನವನ್ನು ವಾಪಸ್ ತೆಗೆದುಕೊಂಡಿತು. ಅಂಕಿಗಳು ತಾಳೆಯಾಗುತ್ತಿರಲಿಲ್ಲ, ಮಾತ್ರೆ ನುಂಗಿದ ಕೆಲವರ ಕಿವಿ ಕೆಟ್ಟಿದ್ದನ್ನು ಬರೆದವರು ಬಚ್ಚಿಟ್ಟಿದ್ದರು. ಏಳು ನಲವತ್ತಕ್ಕೆ ಅದನ್ನು ಕೆಂಪಿನಲ್ಲಿ ಮೇಲೆ ಹಾಕಿದೆ. ಆಮೇಲೆ ಕೂತು ಅದನ್ನೇ ನೋಡಿದೆ. ಶುಕ್ರವಾರ ನನ್ನತ್ತ ಚಾಚಿದ ಕೈ ಕಣ್ಣಮುಂದೆ ಬಂತು. ಏಳು ಐವತ್ತೈದಕ್ಕೆ ಆ ಸಾಲನ್ನು ಕೆಳಗೆಳೆದು ಅರವತ್ತಮೂರನೆಯದಾಗಿ, ಕಪ್ಪು ಅಕ್ಷರದಲ್ಲಿ ಇಟ್ಟೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮುಚ್ಚಿಟ್ಟೆ ಎಂದು ನನ್ನನ್ನು ಯಾರೂ ಅನ್ನುವ ಹಾಗಿರಲಿಲ್ಲ.

ಅದೇ ಸಂಜೆ ಮಾವ ಜ್ವರ ಬಂದು ನಮ್ಮ ಆಸ್ಪತ್ರೆಗೇ ಸೇರಿದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನಮ್ಮ ವೈದ್ಯರೇ ಇದ್ದಾರಲ್ಲ, ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಅತ್ತೆಗೆ ಧೈರ್ಯ ಹೇಳಿದೆ. ಶನಿವಾರ ಅತ್ತೆಯ ಫೋನ್ ಬಂತು.

"ಜ್ವರ ಇಳಿದಿದೆ ಕಣಪ್ಪ. ಆದ್ರೆ ಕಿವೀಲಿ ಜೀರುಂಡೆ ಕೂಗಿದ ಹಾಗಾಗುತ್ತೆ ಅಂತಾರೆ. ಫೋನಲ್ಲಿ ನಾನೇನು ಹೇಳಿದ್ರೂ 'ಆಂ, ಆಂ' ಅಂತಾನೇ ಇದ್ದಾರೆ."

ವಾರ್ಡ್‌ಗೆ ಫೋನ್ ಮಾಡಿ ಕೇಳಿದೆ, ಮಾವನಿಗೂ ಅದೇ ಮಾತ್ರೆ ನಡೆಯುತ್ತಿತ್ತು. ಲೇಖನ ವಾಪಸಾದದ್ದನ್ನು ಹೇಳಿ ನಿಲ್ಲಿಸಿದೆ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಮಾವ ಮನೆಗೆ ಬಂದರು, ಎರಡು ಕಿವಿಯೂ ಹೋಗಿತ್ತು.

ತಿಂಗಳಾದ ಮೇಲೆ ಆ ವಾರ್ಡಿನ ವೈದ್ಯೆ ಗ್ರಂಥಾಲಯಕ್ಕೆ ಬಂದರು. ಸಣ್ಣ ವಯಸ್ಸು, ಮಾಸ್ಕ್‌ನ ದಾರ ಉಜ್ಜಿ ಕಿವಿಯ ಹಿಂದೆ ಗಾಯವಾಗಿತ್ತು.

"ಸರ್, ಆ ಮಾತ್ರೆ ಕೊಟ್ಟಿದ್ದಕ್ಕೆ ನಾಳೆ ನನ್ನ ಮೇಲೆ ವಿಚಾರಣೆ ಇದೆ. ಕೆಲಸ ಉಳಿಯೋದು ಕಷ್ಟ. ಆ ಮಂಗಳವಾರದ ಪಟ್ಟಿ ಒಂದು ಪ್ರಿಂಟ್ ಕೊಡ್ತೀರಾ? ವಿಚಾರಣೆಯವರು ತರೋಕೆ ಹೇಳಿದ್ದಾರೆ."

ಪ್ರಿಂಟ್ ತೆಗೆದು ಕೊಟ್ಟೆ.

"ನೀವು ಹಾಕಿದ್ದೀರಿ ಸರ್, ಕೆಳಗಡೆ ಇದೆ. ನಾನೇ ಪೂರ್ತಿ ಓದಲಿಲ್ಲ. ಆ ಪೇಷಂಟ್ ನಿಮ್ಮ ಮಾವ ಅಂತ ಆಮೇಲೆ ಗೊತ್ತಾಯ್ತು. ನನ್ನನ್ನ ಕ್ಷಮಿಸಿ."

ಆಕೆ ನನ್ನ ಕ್ಷಮೆ ಕೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅನ್ನದಿದ್ದರೂ ನನ್ನ ಕೈ ಹೆಗಲಿಗೆ ಹೋಗುತ್ತಿತ್ತು. ಸುಮ್ಮನಿದ್ದಿದ್ದರೆ ಎಲ್ಲ ಆಕೆಯ ತಲೆಗೆ ಕಟ್ಟಿ ಮುಗಿಯುತ್ತಿತ್ತು. ಆಕೆ ಬಾಗಿಲವರೆಗೆ ಹೋದರು.

"ಸ್ವಲ್ಪ ನಿಲ್ಲಮ್ಮ," ಎಂದೆ.

ಪಟ್ಟಿಯಲ್ಲಿ ಯಾರು, ಎಷ್ಟು ಹೊತ್ತಿಗೆ, ಏನು ಬದಲಿಸಿದರು ಎಂಬುದನ್ನು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಆ ಹಾಳೆಯನ್ನೂ ಪ್ರಿಂಟ್ ತೆಗೆದು ಕೊಟ್ಟೆ. ಆಕೆ ಎರಡು ಸಲ ಓದಿದರು.

"ಇದು ಮೊದಲು ಮೇಲಿತ್ತಾ?"

"ಹದಿನೈದು ನಿಮಿಷ ಇತ್ತು."

"ಯಾಕೆ ಇಳಿಸಿದ್ರಿ?"

"ಅದರ ಹಿಂದಿನ ಶುಕ್ರವಾರ ನನ್ನನ್ನ ಹೊಗಳಿದ್ರು."

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಕೆ ಹಾಳೆಯನ್ನು ನನ್ನ ಮೇಜಿನ ಮೇಲೇ ಇಟ್ಟರು.

"ನಾಳೆ ಇದನ್ನ ನೀವೇ ಬಂದು ಕೊಡಿ. ಅದಕ್ಕೆ ಮುಂಚೆ ನಿಮ್ಮ ಮಾವನಿಗೆ ಹೇಳಿ. ಅವರಿಗೆ ಕೇಳಿಸಲ್ಲ, ಬರೆದೇ ಹೇಳಬೇಕು."

ಮಾವನ ಮನೆಯ ಮೇಜಿನ ಮೇಲೆ ಅವರೇ ಹೊಲಿದ ಒಂದು ದಪ್ಪ ಪುಸ್ತಕ ಇರುತ್ತದೆ. ಮಾತಾಡಬೇಕಾದವರು ಅದರಲ್ಲಿ ಬರೆಯಬೇಕು. ಊಟ ಆಯ್ತಾ, ಸ್ನಾನಕ್ಕೆ ನೀರು ಕಾದಿದೆ, ಇಂಥ ಅತ್ತೆಯ ಸಾಲುಗಳೇ ತುಂಬಿದ್ದವು. ನಾನು ಪುಸ್ತಕದ ಕೊನೆಯ ಹಾಳೆಗೆ ಹೋಗಿ, ಎಲ್ಲವನ್ನೂ ಬರೆದು, ಅವರ ಮುಂದೆ ತಳ್ಳಿದೆ.

ಮಾವ ಬೆರಳಿಟ್ಟು ಓದಿದರು. ಆಮೇಲೆ ಎದ್ದು ಗೋಂದಿನ ಬಾಟಲಿ ತಂದರು. ಆ ಹಾಳೆಯನ್ನು ಹೊಲಿಗೆ ಬಿಚ್ಚದ ಹಾಗೆ ಅಡಿಪಟ್ಟಿ ಇಟ್ಟು ಹರಿದು, ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ, ಅಂಗೈಯಿಂದ ಒತ್ತಿದರು.

"ನಿಂಗೆ ಗೊತ್ತಿತ್ತಲ್ಲೋ," ಎಂದರು. ತಮ್ಮ ದನಿ ತಮಗೇ ಕೇಳದ ಕಾರಣ ಬಹಳ ಜೋರಾಗಿ ಅಂದರು. ಅಡುಗೆಮನೆಯಿಂದ ಅತ್ತೆ ಓಡಿಬಂದರು.

ವಿಚಾರಣೆಯಲ್ಲಿ ವೈದ್ಯೆಯ ಕೆಲಸ ಉಳಿಯಿತು, ಪಟ್ಟಿಯ ಕೆಲಸ ನನ್ನ ಕೈತಪ್ಪಿತು. ಈಗಲೂ ಭಾನುವಾರ ಮಾವನ ಮನೆಗೆ ಹೋಗುತ್ತೇನೆ. "ಹೇಗಿದ್ದೀರಿ ಮಾವ" ಎಂದು ಬರೆಯಲು ಖಾಲಿ ಜಾಗ ಸಿಗಬೇಕಾದರೆ, ಮೊದಲು ಆ ಪುಟವನ್ನು ತಿರುವಬೇಕು.