ಬೇರಿಲ್ಲದ ಅಲಸಂಡೆ

ಶಿರ್ವದ ಸ್ಟ್ಯಾನಿಸ್ಲಾಸ್ ಡಿಸೋಜರು ಕುವೈತಿನ ಒಂದು ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಸೇಫ್ಟಿ ಆಫೀಸರ್ ಆಗಿದ್ದವರು. ಊರಿಗೆ ಬಂದು ಎರಡು ಜೆರ್ಸಿ ದನ ಕಟ್ಟಿದ ಮೇಲೂ ಆ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಹಟ್ಟಿಯ ಗೋಡೆಗೆ ‘ನೆಲ ಜಾರುತ್ತದೆ, ಎಚ್ಚರಿಕೆ’ ಎಂದು ಬೋರ್ಡು ಹಾಕಿದ್ದರು. ಹಟ್ಟಿಗೆ ಹೋಗುವವರ ಪೈಕಿ ಓದು ಬರುತ್ತಿದ್ದದ್ದು ಅವರ ಹೆಂಡತಿ ಮ್ಯಾಗ್ಡಲಿನ್‌ಗೆ ಮಾತ್ರ.

ಈ ವರ್ಷ ಆಗಸ್ಟಿನಲ್ಲಿ ಮಳೆ ಸ್ವಲ್ಪ ಬಿಟ್ಟಾಗ, ಮನೆಯ ಪಕ್ಕದ ಬೆಟ್ಟು ಗದ್ದೆಯಲ್ಲಿ ದನಗಳಿಗೆಂದು ಮೇವಿನ ಅಲಸಂಡೆ ಬಿತ್ತಿದರು. ಗಿಡ ಮೊಣಕಾಲೆತ್ತರ ಬಂತು. ಒಂದು ಸೋಮವಾರ ಕಂಪೌಂಡಿನ ಬದಿಯಲ್ಲಿ ಹತ್ತಿಪ್ಪತ್ತು ಗಿಡ ಬಾಡಿದವು. ನೀರು ಕೊಟ್ಟರು. ಬುಧವಾರಕ್ಕೆ ಚಾಪೆ ಹಾಸುವಷ್ಟು ಜಾಗ ಹಳದಿಯಾಯಿತು.

ಕಂಪೌಂಡಿನ ಆಚೆ ಮೆಹರುನ್ನಿಸಾ ಅವರ ಮನೆ. ಅವರು ಮೀನಿನ ಉಪ್ಪಿನಕಾಯಿ ಮಾಡಿ ಕಾಪುವಿನ ಅಂಗಡಿಗಳಿಗೆ ಕೊಡುವವರು. ಸ್ಟ್ಯಾನಿಸ್ಲಾಸರಿಗೆ ಅಷ್ಟು ಸಾಕಾಯಿತು.

“ಉಪ್ಪುನೀರು,” ಎಂದರು ಹೆಂಡತಿಗೆ. “ಮೀನು ತೊಳೆದದ್ದು.”

“ಕೇಳಿ ನೋಡಬಾರದಾ?”

“ಮೊದಲು ವರದಿ. ಕೇಳುವುದು ಆಮೇಲೆ.”

ಬಾಡಿದ ಜಾಗದ ಸುತ್ತ ಕೆಂಪು-ಬಿಳಿ ಟೇಪು ಕಟ್ಟಿದರು. ನಾಲ್ಕು ದಿಕ್ಕಿನಿಂದ ಫೋಟೋ ತೆಗೆದರು. ‘ಘಟನಾ ವರದಿ’ ಟೈಪ್ ಮಾಡಿ, ಶಂಕಿತ ಕಾರಣ ಎಂಬಲ್ಲಿ ‘ನೆರೆಮನೆಯ ಮೀನು ತೊಳೆದ ನೀರು’ ಎಂದು ತುಂಬಿ, ಒಂದು ಪ್ರತಿಯನ್ನು ನೆರೆಮನೆಯ ಬಾಗಿಲಿಗೆ ಸಿಕ್ಕಿಸಿ ಬಂದರು.

ಹತ್ತು ನಿಮಿಷದಲ್ಲಿ ಮೆಹರುನ್ನಿಸಾ ಆ ಕಾಗದ ಹಿಡಿದುಕೊಂಡೇ ಗದ್ದೆಗೆ ಇಳಿದರು. ಊರಲ್ಲಿ ಎಲ್ಲರ ಹಾಗೆ ಅವರೂ ಸ್ಟ್ಯಾನಿಸ್ಲಾಸರನ್ನು ಗೌರವದಿಂದ ಪೊರ್ಬುಗಳು ಎಂದೇ ಕರೆಯುವುದು.

“ಪೊರ್ಬುಗಳೇ, ಈ ನೆರೆಮನೆ ಅಂದರೆ ನಾನಾ?”

“ನಿಮ್ಮ ಹೆಸರು ಬರೆದಿಲ್ಲ. ತನಿಖೆ ನಡೆಯುತ್ತಾ ಉಂಟು.”

“ನನ್ನ ಮೀನಿನ ನೀರು ಹೋಗುವುದು ಆಚೆ ಬದಿಯ ತೆಂಗಿನ ಬುಡಕ್ಕೆ. ಬೇಕಾದರೆ ಬಂದು ನೋಡಿ,” ಎನ್ನುತ್ತಾ ಟೇಪಿನ ಅಡಿ ನುಸುಳಿದರು.

“ಟೇಪು ದಾಟಬಾರದು,” ಎಂದರು ಸ್ಟ್ಯಾನಿಸ್ಲಾಸ್.

ಅಷ್ಟರಲ್ಲಿ ಮೆಹರುನ್ನಿಸಾ ಒಂದು ಗಿಡಕ್ಕೆ ಕೈ ಹಾಕಿಯಾಗಿತ್ತು. ಎಳೆಯಬೇಕಾಗಲೇ ಇಲ್ಲ, ಗಿಡ ಸುಮ್ಮನೆ ಕೈಗೆ ಬಂತು. ಬುಡದಲ್ಲಿ ಬೇರೇ ಇರಲಿಲ್ಲ. ಅವರು ಕೂತು ಕೈಯಿಂದಲೇ ಮಣ್ಣು ಕೆದಕಿ, ಹೆಬ್ಬೆರಳಿನಷ್ಟು ದಪ್ಪದ, ಕಂದು ತಲೆಯ ಬಿಳಿ ಹುಳವೊಂದನ್ನು ಅಂಗೈಯಲ್ಲಿಟ್ಟು ತೋರಿಸಿದರು. ಅದು ಸುರುಟಿ ಮಲಗಿತ್ತು.

“ಇದು ಯಾವ ಮೀನು ಅಂತ ಬರೆಯುತ್ತೀರಿ?”

ಮರುದಿನ ಕೃಷಿ ಇಲಾಖೆಯ ತಾರಾನಾಥ ಬಂದು ನೋಡಿದರು. “ಗೊಣ್ಣೆ ಹುಳು. ಬೇರು ತಿಂದು ಬೆಳೆಯುವಂಥದ್ದು. ಗೊಬ್ಬರ ಎಂತ ಹಾಕಿದ್ದೀರಿ?”

“ನಮ್ಮದೇ ಹಟ್ಟಿಯ ಸೆಗಣಿ. ತಾಜಾ.”

“ಕೊಳೆಯಿಸದೆ?”

“ತಾಜಾ,” ಎಂದರು ಸ್ಟ್ಯಾನಿಸ್ಲಾಸ್, ಸ್ವಲ್ಪ ಮೆಲ್ಲಗೆ.

“ಮೊದಲ ಮಳೆ ಬಿದ್ದಾಗ ಇಲ್ಲಿ ದೊಡ್ಡ ಲೈಟ್ ಏನಾದರೂ ಉರಿಯುತ್ತಿತ್ತಾ?”

ಎಲ್ಲರೂ ತಲೆಯೆತ್ತಿ ಗದ್ದೆಯ ಮೂಲೆಯ ಕಂಬ ನೋಡಿದರು. ಇನ್ನೂರು ವ್ಯಾಟಿನ ಆ ದೀಪವನ್ನು ಸ್ಟ್ಯಾನಿಸ್ಲಾಸ್ ಮೇ ತಿಂಗಳಲ್ಲಿ ಹಾಕಿಸಿದ್ದರು, ಕಳ್ಳರ ಭಯಕ್ಕೆ. ಆಗ ಗದ್ದೆಯಲ್ಲಿ ಕದಿಯಲು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

“ಮೊದಲ ಮಳೆಗೆ ದುಂಬಿಗಳು ಮಣ್ಣಿನಿಂದ ಏಳುತ್ತವೆ, ಬೆಳಕಿಗೆ ಬರುತ್ತವೆ, ಹತ್ತಿರದ ಮಣ್ಣಿನಲ್ಲಿ ಮೊಟ್ಟೆ ಇಡುತ್ತವೆ,” ಎಂದರು ತಾರಾನಾಥ. “ನೀವು ದಾರಿಗೆ ದೀಪವನ್ನೂ ಇಟ್ಟು, ಹಸಿ ಸೆಗಣಿ ಹಾಕಿ ಮರಿಗಳಿಗೆ ಊಟವನ್ನೂ ಬಡಿಸಿದ್ದೀರಿ.”

ಮ್ಯಾಗ್ಡಲಿನ್ ಏನೋ ಮರೆತವರಂತೆ ಹಟ್ಟಿಯೊಳಗೆ ಹೋದರು. ಅಲ್ಲಿಂದ ತುಂಬ ಹೊತ್ತು ಕೆಮ್ಮಿದ ಹಾಗೆ ಕೇಳುತ್ತಿತ್ತು.

ಸ್ಟ್ಯಾನಿಸ್ಲಾಸರಿಗೆ ಎರಡು ದಿನ ಊಟ ಸೇರಲಿಲ್ಲ. ಕುವೈತಿನಲ್ಲಿ ನೂರಾರು ವರದಿ ಬರೆದಿದ್ದರು, ಎಷ್ಟೋ ಜನರನ್ನು ಕರೆದು ವಿಚಾರಿಸಿದ್ದರು. ಒಂದರಲ್ಲೂ ತಪ್ಪು ತಮ್ಮ ಕಡೆ ಬಂದದ್ದಿಲ್ಲ. ಮೂರನೆಯ ದಿನ ಪರಿಷ್ಕೃತ ವರದಿ ಹಿಡಿದು ಮೆಹರುನ್ನಿಸಾರ ಜಗಲಿಯಲ್ಲಿ ನಿಂತರು. ಅವರು ಕನ್ನಡಕ ಹಾಕಿ ನಿಧಾನವಾಗಿ ಓದಿದರು.

“‘ಮೂಲ ಕಾರಣ: ಮಾನವ ದೋಷ.’ ಮಾನವ ಅಂದರೆ ಯಾರು?”

“ಅದು ಹಾಗೆಯೇ ಬರೆಯುವುದು. ಹೆಸರು ಹಾಕುವ ಕ್ರಮ ಇಲ್ಲ.”

“ನೆರೆಮನೆ ಅಂತ ಹಾಕುವ ಕ್ರಮ ಉಂಟು, ಅಲ್ವಾ?”

ಸ್ಟ್ಯಾನಿಸ್ಲಾಸ್ ಜೇಬಿನಿಂದ ಪೆನ್ನು ತೆಗೆದು ‘ಮಾನವ’ ಹೊಡೆದುಹಾಕಿದರು. ಅದರ ಮೇಲೆ ‘ನನ್ನ’ ಎಂದು ಬರೆದು ಸಹಿ ಹಾಕಿದರು. ಕಿವಿ ಕೆಂಪಾಗಿತ್ತು.

“ತಪ್ಪಾಯಿತು, ಮೆಹರುನ್ನಿಸಾ.”

“ಕೂತುಕೊಳ್ಳಿ,” ಎಂದು ಅವರು ಒಳಗೆ ಹೋದರು. ಅಡುಗೆಮನೆಯಿಂದಲೇ ಕೇಳಿದರು, “ಚಹಾಕ್ಕೆ ಸಕ್ಕರೆ ಹಾಕಬಹುದಾ, ಇಲ್ಲ ಅದಕ್ಕೂ ಫಾರ್ಮ್ ಉಂಟಾ?”

ಮುಂದಿನ ಶನಿವಾರ ಗದ್ದೆಯಲ್ಲಿ ಸತ್ತ ಭಾಗವನ್ನಷ್ಟೇ ಅಗೆದು ಮಗುಚಿದರು. ಹುಳ ಹೆಕ್ಕಲು ಮೆಹರುನ್ನಿಸಾ ತಮ್ಮ ಹನ್ನೊಂದು ಕೋಳಿಗಳನ್ನು ತಂದು ಬಿಟ್ಟರು. ಸ್ಟ್ಯಾನಿಸ್ಲಾಸ್ ಗೇಟಿನಲ್ಲಿ ನಿಂತು ಎಣಿಸಿ ಒಳಗೆ ಬಿಟ್ಟುಕೊಂಡರು. ಸಂಜೆ ಎಣಿಸಿದರೆ ಹತ್ತೇ. ಒಂದು ಕೋಳಿ ಕಾಣೆಯಾದದ್ದಕ್ಕೆ ಅವರು ಉಳಿದ ಹತ್ತನ್ನೂ ಹೊರಗೆ ಹೋಗಲು ಬಿಡಲಿಲ್ಲ.

ಮ್ಯಾಗ್ಡಲಿನ್ ಹಟ್ಟಿಯಿಂದ ಕರೆದರು. ಹನ್ನೊಂದನೆಯದು ದನಗಳಿಗೆ ಮೇವು ಹಾಕುವ ಬಾನಿಯಲ್ಲಿ, ಬೈಹುಲ್ಲಿನ ಮೇಲೆ ಕಣ್ಣು ಮುಚ್ಚಿ ಕೂತಿತ್ತು.

“ಹುಳ ತಿಂದು ಸುಸ್ತಾಗಿದೆ. ಇವತ್ತು ಇಲ್ಲೇ ಇರಲಿ, ಪೊರ್ಬುಗಳೇ,” ಎಂದರು ಮೆಹರುನ್ನಿಸಾ.

ಸ್ಟ್ಯಾನಿಸ್ಲಾಸ್ ಉಳಿದಿದ್ದ ಅಲಸಂಡೆಯಿಂದ ಒಂದು ಕಟ್ಟು ಕೊಯ್ದು ತಂದು, ದನಗಳಿಗೆ ನೆಲದ ಮೇಲೆಯೇ ಹಾಕಿದರು.