ಬೀಮಿನ ನಾಲ್ಕು ತೂತು

"ಇಲ್ಲಿ ಹಸಿರು ಒತ್ತಿದಾಂವ ನೀನ ಅಲ್ಲೇನು, ದುರುಗಪ್ಪ?"

ಬಸವಲಿಂಗ ಲೇಸರ್ ಕಡ್ಡಿಯ ಕೆಂಪು ಚುಕ್ಕಿಯನ್ನು ಪರದೆಯ ಮೇಲೆ ಕುಣಿಸಿದ. ಮಸ್ಕಿಯಲ್ಲಿ ಕಂಪನಿ ಕಟ್ಟುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲ್ ಅಲ್ಲಿ ಇಡಿಯಾಗಿ ನಿಂತಿತ್ತು, ಧೂಳಿಲ್ಲದೆ, ಬೆವರಿಲ್ಲದೆ. ಮೊದಲ ಮಹಡಿಯ ಒಂದು ಬೀಮು ಹಸಿರಾಗಿ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ದುರುಗಪ್ಪನ ಹೆಸರು, ತಾರೀಖು, ಒತ್ತಿದ ಗಳಿಗೆ ಎಲ್ಲವೂ ಇತ್ತು.

ಸಿಂಧನೂರಿನ ಆಫೀಸಿನ ಆ ಕೋಣೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಸೈಟುಗಳವರು ಕೂತಿದ್ದರು. ಮೇಸ್ತ್ರಿ ದುರುಗಪ್ಪ ಮಾತ್ರ ಬಾಗಿಲ ಹತ್ತಿರ ನಿಂತಿದ್ದ. ಒಂದು ಕುರ್ಚಿ ಖಾಲಿ ಇತ್ತು. ಯಾರೂ ಕೂಡು ಅನ್ನಲಿಲ್ಲ, ಅವನೂ ಕೂಡಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದವಳು ನಂದಿನಿ, ಮಸ್ಕಿಯ ಸೈಟ್ ಎಂಜಿನಿಯರ್, ದುರುಗಪ್ಪನ ಮಗಳು. ಕೆಲಸದ ಜಾಗದಲ್ಲಿ ಅವಳು ಅವನನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದಳು, ಅವನು ಅವಳನ್ನು ಮೇಡಮ್ಮಾರ ಎನ್ನುತ್ತಿದ್ದ. ಹಾಗೆ ಕರೆಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ದಿನ ಅವನು ಕರೆದ, ಅವಳು ಓಗೊಟ್ಟಳು, ಅಷ್ಟೇ.

ಯುಗಾದಿ ಆದಮೇಲೆ ಕಂಪನಿಗೆ 'ಮಾಡೆಲ್' ಬಂದಿತ್ತು. ಕಟ್ಟಡ ಮೊದಲು ಕಂಪ್ಯೂಟರಿನಲ್ಲಿ ಎದ್ದು ನಿಲ್ಲಬೇಕು, ಆಮೇಲೆ ನೆಲದ ಮೇಲೆ. ಮಾಲೀಕ ಕರಿಬಸಯ್ಯನವರ ಅಣ್ಣನ ಮಗ ಬಸವಲಿಂಗ ಹೈದರಾಬಾದಿನಲ್ಲಿ ಮೂರು ವಾರ ತರಬೇತಿ ಪಡೆದು ಬಂದು ಅದರ ಮುಖ್ಯಸ್ಥನಾದ. ಮೂರು ವಾರಕ್ಕೆ ಮೀಸೆ ತಿರುವಲು ಕಲಿತಿದ್ದ, ಉಳಿದದ್ದು ದೇವರಿಗೇ ಗೊತ್ತು. ಮಾಡೆಲ್‌ನಲ್ಲಿ ಇಲ್ಲದ್ದು ಸೈಟಿನಲ್ಲಿ ಇರಕೂಡದು ಎಂಬುದು ಅವನ ಕಾನೂನು. ನಂದಿನಿಗೆ ಮಾಡೆಲ್ ಬಂದದ್ದು ಖುಷಿಯೇ ಆಗಿತ್ತು. ರಾತ್ರಿ ಹಗಲು ಕಲಿತಿದ್ದಳು. ಅವಳ ಸಿಟ್ಟು ಮಾಡೆಲ್ ಮೇಲಲ್ಲ.

ಬಚ್ಚಲುಮನೆಗಳ ನಾಲ್ಕು ಪೈಪು ಆ ಬೀಮನ್ನು ಹಾದು ಹೋಗಬೇಕು, ಮಾಡೆಲ್‌ನ ಬೀಮಿನಲ್ಲಿ ಒಂದು ತೂತೂ ಇಲ್ಲ ಎಂದು ಮೊದಲು ಕಂಡದ್ದು ದುರುಗಪ್ಪನಿಗೆ. ತಿದ್ದಲು ಅಪ್ಪಣೆ ಕೊಡಿ ಎಂದು ನಂದಿನಿ ಅವತ್ತೇ ಸೈಟಿನ ಟ್ಯಾಬಿನಿಂದ ಅರ್ಜಿ ಕಳಿಸಿದಳು. ಹನ್ನೊಂದು ದಿನ ಬಸವಲಿಂಗ ಅದನ್ನು ತೆಗೆದು ನೋಡಲಿಲ್ಲ. ಕಾಂಕ್ರೀಟ್ ಹಾಕುವ ದಿನ ದುರುಗಪ್ಪ ದಢೇಸುಗೂರಿನಿಂದ ಬಾಳೆದಿಂಡು ತಂದು, ತುಂಡು ಮಾಡಿ, ಪೈಪು ಹಾಯುವ ನಾಲ್ಕು ಕಡೆ ಕಬ್ಬಿಣದ ಸರಳುಗಳ ನಡುವೆ ಕಟ್ಟಿದ. ಕಾಂಕ್ರೀಟ್ ಗಟ್ಟಿಯಾಗುವಷ್ಟರಲ್ಲಿ ದಿಂಡು ಒಣಗಿ ಸಣ್ಣಗಾಗುತ್ತದೆ, ಕೋಲಿನಿಂದ ದೂಡಿದರೆ ಬಿದ್ದು ತೂತು ಉಳಿಯುತ್ತದೆ. ಮೂವತ್ತು ವರ್ಷದಿಂದ ಅವನು ಹಾಗೇ ಮಾಡುತ್ತ ಬಂದಿದ್ದ.

ಅವತ್ತೇ ಬಸವಲಿಂಗ ಬಂದ. "ಮಾಡೆಲ್‌ನ್ಯಾಗ ಬಾಳಿಗಿಡ ಐತೇನಲೇ?" ಎಂದು ನಕ್ಕು, ನಾಲ್ಕೂ ತುಂಡು ಕೀಳಿಸಿ ಬಿಸಾಡಿಸಿದ.

ಬೀಮು ಸರಿ ಇದೆ ಎಂದು ಮೇಸ್ತ್ರಿ ಟ್ಯಾಬಿನಲ್ಲಿ ಹಸಿರು ಒತ್ತದೆ ಕಾಂಕ್ರೀಟ್ ಹಾಕುವಂತಿಲ್ಲ. ದುರುಗಪ್ಪನಿಗೆ ಇಂಗ್ಲಿಷ್ ಬಾರದು. ಮೊದಲಿನಿಂದಲೂ ಅವನ ಹೆಸರಿನಲ್ಲಿ ನಂದಿನಿಯೇ ಒತ್ತುತ್ತಿದ್ದಳು. ಅವತ್ತೂ ಹಲ್ಲು ಕಚ್ಚಿಕೊಂಡು ಒತ್ತಿದಳು.

ನಿನ್ನೆ ಪೈಪಿನ ಕೆಲಸದ ಜಾಹೀದ್ ಆ ಬೀಮಿಗೆ ಯಂತ್ರ ಇಟ್ಟು ಕೊರೆದ. ಎರಡು ಸರಳು ತುಂಡಾದವು. ಈಗ ಇಡೀ ಬೀಮು ಒಡೆದು ಮತ್ತೆ ಕಟ್ಟಬೇಕು.

"ಮೂವತ್ತು ವರ್ಷ ಆತಲ್ಲೋ ನಮ್ಮಲ್ಲಿ," ಕರಿಬಸಯ್ಯನವರು ಕನ್ನಡಕ ತೆಗೆದು ಒರೆಸಿದರು. "ನೋಡದ ಒತ್ತತಾರೇನು? ವಯಸ್ಸೂ ಆತು. ನಾಳಿಂದ ಮನ್ಯಾಗ ಆರಾಮ ಇರು."

"ಆತ್ರೀ ಅಯ್ಯಾರ," ಎಂದ ದುರುಗಪ್ಪ.

ಆ 'ಆತ್ರೀ' ಕೇಳಿ ನಂದಿನಿಯ ಮೈಯೆಲ್ಲ ಉರಿಯಿತು. ಬಸವಲಿಂಗನ ಮೇಲಿನ ಸಿಟ್ಟಿಗಿಂತ ದೊಡ್ಡ ಸಿಟ್ಟು ಅಪ್ಪನ ಮೇಲೆ ಬಂತು, ಅದಕ್ಕಿಂತ ದೊಡ್ಡದು ತನ್ನ ಮೇಲೆಯೇ. ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು.

"ಒತ್ತಿದಾಕಿ ನಾನ್ರೀ."

"ನಂದಿನಿ, ಕೂಡು," ಎಂದ ಬಸವಲಿಂಗ.

"ಕೂಡಂಗಿಲ್ಲ. ನಮ್ಮಪ್ಪಗ ಆ ಇಂಗ್ಲಿಷ್ ಓದಾಕ ಬರಂಗಿಲ್ಲ, ನಿಮಗೆಲ್ಲಾರಿಗೂ ಗೊತ್ತೈತಿ. ಅವನ ಹೆಸರಿಲೆ ನಾ ಒತ್ತೀನಿ. ತಪ್ಪು ನಂದು. ಲಿಂಗಸುಗೂರಾಗ ಮೇಸ್ತ್ರಿ ಹೆಸರಿಲೆ ಯಾರು ಒತ್ತತಾರ, ಕೇಳ್ರಿ ಅವರನ್ನ."

ಲಿಂಗಸುಗೂರಿನ ಎಂಜಿನಿಯರ್ ಮೊಬೈಲಿನೊಳಗೆ ಮುಖ ಹುದುಗಿಸಿದ.

"ಇನ್ನೊಂದೈತ್ರಿ ಅಯ್ಯಾರ. ನಾ ಕಳಿಸಿದ ಅರ್ಜಿನೂ ಅದರಾಗ ಐತಿ. ಯಾವತ್ತು ಕಳಿಸೀನಿ, ಎಷ್ಟು ದಿನ ಯಾರು ನೋಡಿಲ್ಲ, ಎಲ್ಲಾ ಐತಿ. ತೋರಸು ಅನ್ರಿ ಇವರಿಗೆ!"

ಬಸವಲಿಂಗ ಪರದೆ ಆರಿಸಿದ. "ಅದು ಈಗಿನ ವಿಷಯ ಅಲ್ಲ."

ಕರಿಬಸಯ್ಯನವರು ಅಣ್ಣನ ಮಗನ ಕಡೆ ನೋಡಿದರು, ಆಮೇಲೆ ಕಿಟಕಿಯ ಕಡೆ. "ಮೇಸ್ತ್ರಿ ಇರಲಿ. ನೀ ಇನ್ನ ಮಾಡೆಲ್ ಮುಟ್ಟಬ್ಯಾಡವಾ. ನಾಳೆ ಸಂಜಿಗೆ ಮಸ್ಕಿ ಬಿಟ್ಟು ಲಿಂಗಸುಗೂರ ಗೋದಾಮಿಗೆ ಹೋಗು," ಎಂದರು.

ಮಸ್ಕಿಯ ಬಸ್ಸು ಸಿಂಧನೂರು ದಾಟಿತು. ದುರುಗಪ್ಪ ತಡೆಯಲಾರದೆ ಮಗಳಿಗೆ ಹೇಳಿದ.

"ಯಾರು ಹೇಳಿದ್ರು ನಿನಗ ಬಾಯಿ ತಗಿ ಅಂತ? ನಾ ಹೋಗಾಂವ. ಇವತ್ತಿಲ್ಲ ನಾಳೆ ಹೋಗ್ತಿದ್ನಿ. ನೀ ಇಷ್ಟು ಓದಿ ಸಿಮೆಂಟ್ ಚೀಲ ಕಾಯ್ತಿ ಇನ್ನ?"

"ಕಾಯ್ತೀನಿ. ಕಳ್ಳನಂಗ ಬಾಗಿಲದಾಗ ನಿಂತು ನೀ ಯಾಕ ಆತ್ರೀ ಅಂದಿ? ನೀನೇನು ಕದ್ದಿದ್ದಿ?"

"ನಿನ್ನ ಹೆಸರು ಹೊರಗ ಬರಬಾರದು ಅಂತ ಅಂದೆ."

"ನನ್ನ ಹೆಸರಿನ ಉಸಾಬರಿ ನಿನಗ ಬ್ಯಾಡ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಹಾಗೆ ಅಪ್ಪನ ಮೇಲೆ ಅವಳು ಎಂದೂ ಕೂಗಿರಲಿಲ್ಲ.

ಮರುದಿನ ಹಾಸ್ಟೆಲಿನ ಇನ್ನೊಂದು ಬದಿಯಲ್ಲಿ ಎರಡನೇ ಮಹಡಿಯ ಬೀಮಿಗೆ ಕಾಂಕ್ರೀಟ್ ಹಾಕುವುದಿತ್ತು. ಮಾಡೆಲ್‌ನಲ್ಲಿ ಈ ಬೀಮಿಗೂ ತೂತಿರಲಿಲ್ಲ. ನಂದಿನಿ ಮೇಲೆ ಹತ್ತಿ ಬಂದಾಗ ದುರುಗಪ್ಪ ಹಸಿ ಗೋಣಿಯಿಂದ ಬಾಳೆದಿಂಡಿನ ತುಂಡು ತೆಗೆಯುತ್ತಿದ್ದ.

"ನಂದಿನೀ, ಆ ತುದಿ ಹಿಡಿ," ಎಂದ.

ಸರಳು ಕಟ್ಟುವವರು ತಲೆ ಎತ್ತಿದರು. ಅವಳು ಹಿಡಿದಳು. ನಾಲ್ಕೂ ತುಂಡು ಕಟ್ಟಿ ಮುಗಿಯಿತು. ಕೆಳಗೆ ಮಿಕ್ಸರ್ ಹತ್ತಿರದಿಂದ ಯಾರೋ ಕೂಗಿದರು, "ಹಾಕೋಣೇನ್ರೀ?"

ದುರುಗಪ್ಪ ಟ್ಯಾಬಿಗೆ ಕೈ ಚಾಚಿದ. ಅದರಲ್ಲಿ ತನ್ನ ಹೆಸರಿನ ಬೀಗ ತೆರೆಯುವ ನಾಲ್ಕು ಅಂಕಿಯನ್ನು ತಾನೇ ಒಂದೊಂದಾಗಿ ಒತ್ತಿದ. ಅದು ನಂದಿನಿ ಹುಟ್ಟಿದ ದಿನ, ತಿಂಗಳು. ತನಗೆ ಮರೆಯದ ತಾರೀಖು ಅದೊಂದೇ ಎಂದು ಅವನೇ ಇಡಿಸಿದ್ದ.

"ತಪ್ಪೈತಿ ಅಂತ ಹೇಳಾಕ ಎಲ್ಲಿ ಒತ್ತಬೇಕು?"

"ಈ ಕೆಂಪದು. ಆದ್ರ ಇದನ್ನ ಒತ್ತಿದ್ರ ಕೆಲಸ ನಿಂದರತೈತಿ, ಅಪ್ಪಾ. ಸಿಂಧನೂರಾಗ ಎಲ್ಲಾರಿಗೂ ಕಾಣತೈತಿ."

"ನಿಂದರಲಿ. ನೋಡ್ಲಿ."

ಒತ್ತಿದ. ಬೀಮು ಕೆಂಪಾಯಿತು. ದುರುಗಪ್ಪ ಕೆಳಗೆ ಬಗ್ಗಿ, "ಇವತ್ತು ಇಲ್ಲ, ಚಾ ಕುಡೀರಿ," ಎಂದು ಕೂಗಿ ಹೇಳಿದ. ಮಿಕ್ಸರ್ ನಿಂತಿತು.

ಸ್ವಲ್ಪ ಹೊತ್ತಿಗೆ ನಂದಿನಿಯ ಫೋನು ಬಡಿದುಕೊಳ್ಳತೊಡಗಿತು. ಬಸವಲಿಂಗನ ಹೆಸರು. ಅವಳು ಎತ್ತಲಿಲ್ಲ. ದುರುಗಪ್ಪ ಗೋಣಿಯನ್ನು ನೀರಲ್ಲಿ ಅದ್ದಿ, ದಿಂಡು ಒಣಗದಂತೆ ಒಂದೊಂದರ ಮೇಲೂ ಹೊದಿಸುತ್ತಿದ್ದ. ಟ್ಯಾಬಿನ ಗಾಜಿನ ಮೇಲೆ, ಕೆಂಪು ಬೀಮಿನ ನಡುವೆ, ಬಾಳೆಯ ರಸ ಮೆತ್ತಿದ ಅವನ ಬೆರಳಿನ ಗುರುತು ಒಣಗುತ್ತಿತ್ತು. ಅವಳು ಅದನ್ನು ಒರೆಸಲಿಲ್ಲ.