ಟ್ಯಾನರ್ಸ್‌ಬರ್ಗಿನ ಕಾನ್‌ಸ್ಟೇಬಲ್‌ಗೆ ಬಿದ್ದ ಮತ

ಎಲ್ವುಡ್ ಕ್ರೆಸ್ಗಿಗೆ ಬಿದ್ದ ಮತಗಳನ್ನು ಟ್ಯಾನರ್ಸ್‌ಬರ್ಗಿನಿಂದ ಜಿಲ್ಲಾ ಕೇಂದ್ರಕ್ಕೆ ಸಾಗಿಸಲು ಕಲ್ಲಿದ್ದಲಿನ ರೈಲಿಗೆ ಹನ್ನೊಂದು ಡಬ್ಬಿ ಹೆಚ್ಚಿಗೆ ಜೋಡಿಸಬೇಕಾಯಿತು. ಎಣಿಸಿ ಎಣಿಸಿ ಗುಮಾಸ್ತರ ಬೆರಳು ಸವೆದು ಉಂಗುರಗಳು ಉದುರಿಬಿದ್ದವು. ಊರಿನ ಜನಸಂಖ್ಯೆಯೇ ಎಂಟುನೂರ ಹನ್ನೆರಡಲ್ಲವೇ ಎಂದು ಯಾರಾದರೂ ಕೇಳಿದರೆ, "ಗೋರಿಯಲ್ಲಿರೋರೂ ಎದ್ದು ಬಂದು ಕ್ಯೂ ನಿಂತಿದ್ರು ಕಣಯ್ಯಾ" ಎನ್ನುತ್ತಿದ್ದ ಎಲ್ವುಡ್.

ಅಗ್ನಿಶಾಮಕ ಸಂಘದ ಭಾನುವಾರದ ತಿಂಡಿಯ ಹೊತ್ತಿನಲ್ಲೂ ಅದೇ ಪುರಾಣ. ಅವನ ಮುಂದಿದ್ದ ಪ್ಯಾನ್‌ಕೇಕ್ ರಾಶಿ ಎಷ್ಟು ಎತ್ತರವೆಂದರೆ, ತುದಿಯ ಬೆಣ್ಣೆ ಅಲ್ಲಿನ ಚಳಿಗೆ ಕರಗಲೇ ಇಲ್ಲ.

ಮೂವತ್ತು ವರ್ಷ ಸಂಘದ ಬೆಂಕಿ ಆರಿಸುವ ಲಾರಿ ಓಡಿಸಿದವನು ಅವನು. ಕಳೆದ ವರ್ಷ ಮೊಣಕಾಲು ಕೈಕೊಟ್ಟಿತು, ಲಾರಿಯ ಬೀಗದ ಕೈ ಒಪ್ಪಿಸಬೇಕಾಯಿತು. ಸೈರನ್ ಕೂಗಿದಾಗಲೆಲ್ಲ ಅರ್ಧ ಎದ್ದು ಮತ್ತೆ ಕುಳಿತುಕೊಳ್ಳುವುದು ಅವನಿಗೆ ಸಾಕಾಗಿಹೋಗಿತ್ತು. ಊರಿಗೆ ತಾನಿನ್ನೂ ಬೇಕು ಎಂದು ಯಾರಾದರೂ ಹೇಳಬೇಕಿತ್ತು. ಕಾನ್‌ಸ್ಟೇಬಲ್ ಹುದ್ದೆಗೆ ಊರಿನವರೇ ಮತ ಹಾಕಿ ಆರಿಸುವುದು ಅಲ್ಲಿನ ಪದ್ಧತಿ; ಈ ಸಲ ಅದಕ್ಕೆ ಯಾರೂ ನಿಂತಿರಲಿಲ್ಲ. ಮತಪತ್ರದಲ್ಲಿ ಆ ಜಾಗ ಖಾಲಿ, ಬೇಕಾದವರ ಹೆಸರು ಬರೆಯಬಹುದು. ತನ್ನ ಹೆಸರು ಬರೆಯಿರಿ ಎಂದು ಎಲ್ವುಡ್ ಊರಿಗೆಲ್ಲ ಹೇಳಿದ್ದ, ನಾಯಿ ಬೆಕ್ಕುಗಳನ್ನೂ ಬಿಟ್ಟಿರಲಿಲ್ಲ. ಮತದಾನ ನಡೆದದ್ದೂ ಸಂಘದ ಇದೇ ಸಭಾಂಗಣದಲ್ಲಿ.

ಊರಿನ ಕಚೇರಿಯ ಕಾರ್ಯದರ್ಶಿ ಆರ್ಲೀನ್ ಕಾಗದ ಹಿಡಿದು ಬಂದಳು.

"ಗೆದ್ದಿದೀಯ ಮಾರಾಯ. ಒಪ್ಪಿಗೆ ಇದ್ರೆ ಇಲ್ಲಿ ಸಹಿ ಹಾಕು."

"ಎಷ್ಟು ಸಾವಿರ?"

"ಒಂದು."

"ಬರೀ ಒಂದು ಸಾವಿರವಾ?"

"ಬರೀ ಒಂದು ಮತ."

ನಗುವಿನ ಅಬ್ಬರಕ್ಕೆ ಸಭಾಂಗಣದ ಚಾವಣಿ ಒಂದು ಗೇಣು ಮೇಲೆದ್ದು ಮತ್ತೆ ಕೂತಿತು.

"ಗೋರಿಯೋರು ನಿಮಗೆ ಕೈಕೊಟ್ರಲ್ಲ, ಕಾನ್‌ಸ್ಟೇಬಲ್ ಸಾಹೇಬ್ರೇ!" ಎಂದ ಸಂಘದ ಮುಖ್ಯಸ್ಥ ಸ್ಟಾಶ್.

ಎಲ್ವುಡ್ ಕಾಗದವನ್ನು ಆಚೆ ತಳ್ಳಿದ. "ಆ ಒಂದೂ ನಾನೇ ಹಾಕ್ಕೊಂಡಿದ್ದು. ಬರೀತೀವಿ ಅಂತ ಬೆನ್ನು ತಟ್ಟಿದೋರು ಒಬ್ರೂ ಬರೀಲಿಲ್ಲ. ನನಗೆ ನಾನೇ ಕೊಟ್ಕೊಂಡ ಹುದ್ದೆ ಯಾಕೆ ಬೇಕು? ತಗೊಂಡ್ಹೋಗು."

ಈಗ ಯಾರೂ ನಗಲಿಲ್ಲ. ಮೇಜಿನಿಂದ ಮೇಜಿಗೆ ಹೋಗಿ ಕಾಫಿ ಸುರಿಯುತ್ತಿದ್ದ ಅವನ ಹೆಂಡತಿ ವರ್ನಾ ಮಾತ್ರ ಥಟ್ಟನೆ ತಿರುಗಿದಳು.

"ಏನಂದೆ? ಅದು ನನ್ನ ಮತ! ಕನ್ನಡಕ ಹಾಕ್ಕೊಂಡು, ನಿಧಾನಕ್ಕೆ, ನಿನ್ನ ಹೆಸರು ಪೂರ್ತಿ ಬರೆದಿದೀನಿ. ಇವನಂಥ ಬಡಾಯಿಗಾರ ಇನ್ನೊಬ್ಬ ಇಲ್ಲ, ಆದ್ರೆ ಕರೆದ ತಕ್ಷಣ ಓಡಿ ಬರೋನೂ ಇನ್ನೊಬ್ಬ ಇಲ್ಲ ಅಂದ್ಕೊಂಡೇ ಬರೆದೆ."

ಎಲ್ವುಡ್ ಅವಳನ್ನೇ ನೋಡಿದ. ಕಾಗದವನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡು ಸಹಿ ಹಾಕಿದ. ಅದಂತೂ ತಾಟಿನಷ್ಟು ಅಗಲದ ಸಹಿ.

"ತಡಿ ತಡಿ," ಆರ್ಲೀನ್ ಹುಬ್ಬೇರಿಸಿದಳು. "ಹಾಗಾದ್ರೆ ಎರಡು ಮತ ಇರ್ಬೇಕಿತ್ತು. ನಿನ್ನದೆಲ್ಲಿ?"

"ಅದು... ರೈಲಿನ ಹನ್ನೊಂದನೇ ಡಬ್ಬಿ ಇದೆಯಲ್ಲ..."

"ಎಲ್ವುಡ್," ಎಂದಳು ವರ್ನಾ.

ಅವನ ಕಿವಿ ಕೆಂಪಾಯಿತು.

"ಹಾಕಿದೀನಿ ಅಂತಾನೇ ಇಷ್ಟೊತ್ತೂ ಅಂದ್ಕೊಂಡಿದ್ದೆ, ಹಾಕೇ ಇಲ್ಲ ಕಣ್ರೋ. ಬೆಳಿಗ್ಗೆ ಏಳರಿಂದ ಹೊರಗೇ ನಿಂತು, ಬಂದೋರಿಗೆಲ್ಲ ನನ್ನ ಹೆಸರು ಬರೀರಿ, ಬರೀರಿ ಅಂತ ಗಂಟಲು ಹರ್ಕೊಂಡೆ. ನಾನು ಒಳಗೆ ಹೋಗೋದೇ ಮರೆತ್ಹೋಯ್ತು."